ಕಾಲು ಮುಂದಾಗಿ ಹುಟ್ಟಿದವಳು

ಅಂಜನಾ ಇವತ್ತೂ ಬರಲಿಲ್ಲ. ಹಾಜರಿ ಕರೆಯುತ್ತಿದ್ದ ಟೀಚರು ಆ ಹೆಸರಿನ ಹತ್ತಿರ ಬಂದಾಗ ತಲೆಯೆತ್ತಿ, ಮೊದಲ ಬೆಂಚಿನ ಖಾಲಿ ಜಾಗ ನೋಡಿ, “ಪಾಪ, ಮೆಟ್ಟಲ ಮ್ಯಾಲಿಂದ ಬಿದ್ದಾಳಂತ, ಸೊಂಟಕ್ಕ ಪೆಟ್ಟಾಗೇತಂತ. ನೀವೂ ಹುಷಾರಾಗಿ ಓಡಾಡ್ರಿ” ಎಂದು ಹೇಳಿ ಮುಂದಿನ ಹೆಸರಿಗೆ ಹೋದರು. ಮೆಟ್ಟಿಲಂತೆ! ಆರನೆಯ ಕ್ಲಾಸಿನ ಅಷ್ಟೂ ಹುಡುಗಿಯರಿಗೆ ಅದು ಸುಳ್ಳೆಂದು ಗೊತ್ತಿತ್ತು. ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ, ಕೊನೆಯ ಬೆಂಚಿನ ಮೂಲೆಯಲ್ಲಿ ಕೂತಿದ್ದ ಗಾದೆಮ್ಮನನ್ನು ನೋಡಿದರು. ಮುಖವನ್ನಲ್ಲ, ಬೆಂಚಿನ ಕೆಳಗಿದ್ದ ಅವಳ ಕಾಲನ್ನು. ಗಾದೆಮ್ಮ ಎಡಗಾಲನ್ನು ಹಿಂದಕ್ಕೆಳೆದುಕೊಂಡು, ಬೂಟಿನ ಮೇಲೆ ಬೂಟನ್ನಿಟ್ಟು ಒತ್ತಿ ಹಿಡಿದಳು. ತನ್ನದೇ ಕಾಲು, ಆದರೂ ಬಿಟ್ಟರೆ ಅದಾಗಿಯೇ ಎದ್ದು ಹೋಗಿ ಇನ್ಯಾರ ಮೇಲಾದರೂ ಬಿದ್ದೀತು ಎಂದು ಅವಳಿಗೆ ಹೆದರಿಕೆ. ಅಂಜನಾ ಯಾಕೆ ಸುಳ್ಳು ಹೇಳಿದಳು? ತನ್ನನ್ನು ಉಳಿಸುವುದಕ್ಕಂತೂ ಖಂಡಿತ ಅಲ್ಲ. ಕ್ಲಾಸಿನ ನೆಲದ ಮೇಲೆ ಬೋರಲು ಮಲಗಿ ಇಂಥವಳಿಂದ ತುಳಿಸಿಕೊಂಡೆ ಎಂದು ಮನೆಯಲ್ಲಿ ಹೇಳಲು ಅವಳಿಗೆ ನಾಚಿಕೆ. ಅಷ್ಟು ಗಾದೆಮ್ಮನಿಗೂ ಅರ್ಥವಾಗುತ್ತಿತ್ತು. ಅರ್ಥವಾಗದೆ ಇದ್ದದ್ದು ಒಂದೇ: ಆ ಖಾಲಿ ಜಾಗ ನೋಡಿದಾಗ ಹೆದರಿಕೆಯ ಸಂಗಡ ಇನ್ನೇನೋ ಆಗುತ್ತಿತ್ತಲ್ಲ, ಹಬ್ಬದ ದಿನ ಬೆಳಿಗ್ಗೆ ಆದ ಹಾಗೆ, ಅದು. ಛೀ, ಒಬ್ಬರ ಸೊಂಟ ಮುರಿದರೆ ಹಾಗಾಗಬಾರದು. ಆಗುತ್ತಿತ್ತು.

ಅವಳು ಕಾಲು ಮುಂದಾಗಿ ಹುಟ್ಟಿದವಳು. ತಲೆ ಮೊದಲು ಬರಬೇಕಾದಲ್ಲಿ ಕಾಲು ಮೊದಲು ಬಂದ ಕೂಸು ದೊಡ್ಡದಾಗಿ ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎಂದು ರಾರಾವಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಪ್ಪ ಅಯ್ಯಣ್ಣ ಆಗ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಅಜ್ಜಿ ಉಚ್ಚಂಗೆಮ್ಮ ಅವಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಚೀಲ ಹೊತ್ತು ಹೊತ್ತು ಬೆನ್ನು ಹಿಡಿದುಕೊಂಡ ದೈತ್ಯರಂಥ ಗಂಡಸರು ಹೊಟ್ಟಿನ ರಾಶಿಯ ಪಕ್ಕ ಸಾಲಾಗಿ ಬೋರಲು ಮಲಗುತ್ತಿದ್ದರು. ಬಿಸಿಯಾದ, ಬೆವರಿದ ಬೆನ್ನುಗಳು, ಅಂಗಾಲಿಗೆ ಕಚಗುಳಿ. ಎಡಗಾಲಿನಿಂದ ಹಗೂರಕ್ಕೆ ಮೂರು ಸಲ. ಎದ್ದು ಕೂತು, “ಹೋತು ನೋಡ ತಾಯಿ, ಹೂವು ಎತ್ತಿದಂಗಾತು” ಎಂದು ಕೈ ಮುಗಿಯುತ್ತಿದ್ದರು. ಅಷ್ಟು ದೊಡ್ಡವರು, ಅವಳಿಗೆ! ಅಜ್ಜಿಯ ಕಟ್ಟಳೆಗಳಿದ್ದವು. ತುಳಿದದ್ದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳಬಾರದು. ಸಿಟ್ಟಿನಲ್ಲಿ ಯಾರಿಗೂ ಕಾಲು ತಾಗಿಸಬಾರದು, ತಾಗಿಸಿದರೆ ಒಳ್ಳೇದು ಮಾಡುವ ಶಕ್ತಿಯೇ ತಿರುಗಿ ಕೆಡುಕು ಮಾಡುತ್ತದೆ. ಅಪ್ಪನಿಗೆ ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ ಇಸ್ತ್ರಿಯ ಕೆಲಸ ಸಿಕ್ಕಾಗ ಅಕ್ಕಂದಿರಿಬ್ಬರನ್ನೂ ಅಜ್ಜಿಯ ಹತ್ತಿರ ರಾರಾವಿಯಲ್ಲೇ ಬಿಟ್ಟು ಬಂದರು. ಅವರು ಊರ ಸಾಲಿಗೆ ಹೋಗುತ್ತಾರೆ, ರಜೆಯಲ್ಲಿ ಭತ್ತದ ಗದ್ದೆಗೆ ಕೂಲಿಗೆ ಹೋಗುತ್ತಾರೆ. ಮೂರನೆಯವಳು ಮಾತ್ರ ಅಪ್ಪ ಅವ್ವನ ಜೊತೆ ಬಳ್ಳಾರಿಗೆ, ಟೈ ಕಟ್ಟುವ ಸ್ಕೂಲಿಗೆ. ಯಾಕೆಂದು ಯಾರೂ ಕೇಳಲಿಲ್ಲ. ಶಕ್ತಿ ಇರುವ ಕೂಸು, ಮನೆಗೆ ಅದೃಷ್ಟ ಎಂದು ಅಪ್ಪ ಬಸ್ಸಿನಲ್ಲಿ ಪಕ್ಕದವನಿಗೂ ಹೇಳಿದ್ದ.

ಹೊಸ ಸ್ಕೂಲಿನಲ್ಲಿ ಮೊದಮೊದಲು ಅವಳು ಯಾರ ಕಣ್ಣಿಗೂ ಬೀಳಲಿಲ್ಲ. ಅದು ಎಷ್ಟೋ ವಾಸಿಯಾಗಿತ್ತು ಎಂದು ಈಗನ್ನಿಸುತ್ತದೆ. ಕೆಡಿಸಿದ್ದು ಅವ್ವ. ಅವ್ವ ಕಾವೇರಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಗೇಟಿನ ಹತ್ತಿರ ಮೊಮ್ಮಗಳನ್ನು ಕರೆಯಲು ಬಂದ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನರಳುವುದನ್ನು ನೋಡಿ, “ಅಮ್ಮಾರ, ನನ್ನ ಮಗಳ ಕೈಲಿ ತುಳಿಸ್ಕೊಳ್ರಿ, ಎಲ್ಲೆಲ್ಲಿಂದೋ ಹುಡುಕ್ಕೊಂಡು ಬರ್ತಿದ್ರರಿ ಊರಾಗ” ಎಂದುಬಿಟ್ಟಳು. ಆ ಮುದುಕಿ ಚನ್ನವೀರಮ್ಮ, ಅಂಜನಾಳ ಅಜ್ಜಿ. ಪಾರ್ವತಿನಗರದ ಅವರ ಮನೆಯ ನುಣುಪಾದ ನೆಲದ ಮೇಲೆ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಆ ಹೆಂಗಸು ಜಮಖಾನೆ ಹಾಸಿ ಮಲಗಿದ್ದು, ಗಾದೆಮ್ಮ ತುಳಿದದ್ದು, ಒಳಬಾಗಿಲಲ್ಲಿ ಅಂಜನಾ ಬಾಯಿ ತೆರೆದುಕೊಂಡು ನಿಂತು ನೋಡಿದ್ದು. ಚನ್ನವೀರಮ್ಮನ ಸೊಂಟ ಬಿಟ್ಟಿತು. ಮಾರನೆಯ ದಿನದಿಂದ ಸ್ಕೂಲಿನಲ್ಲಿ ಗಾದೆಮ್ಮನ ಹೆಸರು ಗಾಡಿದ. ತೆಲುಗಿನಲ್ಲಿ ಕತ್ತೆ, ಹಿಂಗಾಲಿನಲ್ಲಿ ಒದೆಯುವ ಕತ್ತೆ. ಅವಳು ಒಳಗೆ ಬಂದರೆ ಸಾಕು, ಅಂಜನಾ ಸೊಂಟ ಹಿಡಿದುಕೊಂಡು “ಅಯ್ಯಯ್ಯೋ ಡಾಕ್ಟರಮ್ಮಾ” ಎನ್ನುವಳು, ಅವಳ ಹಿಂದೆ ಗೌತಮಿ, ಗೌತಮಿಯ ಹಿಂದೆ ಉಳಿದವರು. ಮನೆಯಲ್ಲಿ ಹೇಳಬಹುದಿತ್ತು. ಹೇಳಿದರೆ ಅವ್ವ ಏನನ್ನುತ್ತಾಳೆ? ಕೂಲಿಗೆ ತಂದ ಪ್ಯಾಂಟುಗಳ ದಾರ ಕತ್ತರಿಸುತ್ತ, ನೀಲಿ ಬಣ್ಣ ಹತ್ತಿದ ಬೆರಳಿನಲ್ಲೇ ಅವಳ ಗದ್ದ ಹಿಡಿದು, “ಹೊಟ್ಟೆಕಿಚ್ಚಬೇ ಅವಕ್ಕ” ಎನ್ನುತ್ತಾಳೆ. ಅದು ಸಮಾಧಾನವೂ ಅಲ್ಲ, ಏನೂ ಅಲ್ಲ.

ಹೋದ ಗುರುವಾರ ಆಟದ ಪೀರಿಯಡ್ಡಿಗೆ ಸರ್ ಬಂದಿರಲಿಲ್ಲ. ಅಂಜನಾ ಗಾದೆಮ್ಮನ ಎಡಗಾಲಿನ ಬೂಟು ಕಿತ್ತು ಕ್ಲಾಸಿನಲ್ಲೆಲ್ಲ ಕೈಯಿಂದ ಕೈಗೆ ದಾಟಿಸಿದಳು. ಒಬ್ಬೊಬ್ಬರೂ ಮೂಸಿ, ಮೂಗು ಮುಚ್ಚಿ, ಸತ್ತಂತೆ ಬೆಂಚಿಗೊರಗಿದರು. ಕಾಲುಚೀಲದ ಹೆಬ್ಬೆರಳಿನ ಹತ್ತಿರ ತೂತು ಬಿದ್ದಲ್ಲಿ ಅವ್ವ ಜೀನ್ಸಿನ ದಪ್ಪ ದಾರದಿಂದ ಹೊಲಿದಿದ್ದಳು. ಅದನ್ನು ಎಲ್ಲರೂ ನೋಡಿದರು. ಬೂಟಿಗಿಂತ ಆ ಹೊಲಿಗೆಯನ್ನು ಅವರು ನೋಡಿದ್ದೇ ಗಾದೆಮ್ಮನಿಗೆ ಸಹಿಸಲಾಗಲಿಲ್ಲ. ಅವ್ವನನ್ನೇ ನಿಲ್ಲಿಸಿ ನಕ್ಕ ಹಾಗೆ ಇತ್ತು. ಆಮೇಲೆ ಅಂಜನಾ ನೆಲದ ಮೇಲೆ ಬೋರಲು ಮಲಗಿ, “ಒದಿಯಲೇ ಗಾಡಿದ, ನನ್ನ ಸೊಂಟಾನೂ ಹಿಡದೈತಿ, ಒದಿ” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಾದೆಮ್ಮ ಬೆಂಚಿನ ಮೇಲೆ ಹತ್ತಿದ್ದು ಯಾವಾಗ, ಯಾಕೆ, ಅವಳಿಗೇ ನೆನಪಿಲ್ಲ. ಅಲ್ಲಿಂದ ಹಾರಿದ್ದು ನೆನಪಿದೆ. ಹಾರುವಾಗ ಮನಸ್ಸಿನಲ್ಲಿ ಹೇಳಿಕೊಂಡದ್ದೂ ನೆನಪಿದೆ: ಏಳಬ್ಯಾಡ, ನೀ ಇನ್ನ ಏಳಬ್ಯಾಡ. ಹಿಮ್ಮಡಿಯ ಕೆಳಗೆ ಏನೋ ಸಣ್ಣಗೆ ಸರಿಯಿತು. ಅಂಜನಾ ಮೊದಲು ನಕ್ಕಳು. ಆಮೇಲೆ ನಗಲಿಲ್ಲ. ಬೆಂಚು ಹಿಡಿದು ಎದ್ದು, ಸುಣ್ಣದಂಥ ಮುಖ ಮಾಡಿಕೊಂಡು, “ಯಾರರ ಹೇಳೀರಿ, ನೋಡ್ರಿ ಮತ್ತ” ಎಂದು ಬೆದರಿಸಿ, ಗೋಡೆ ಹಿಡಿದುಕೊಂಡು ಹೊರಗೆ ಹೋದಳು.

ಇವತ್ತು ಊಟದ ಬಿಡುವಿನಲ್ಲಿ ಗೌತಮಿ ತಾನಾಗಿ ಹತ್ತಿರ ಬಂದಳು. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ. “ತಗೋ” ಎಂದಳು. ಗಾದೆಮ್ಮ ಕೈ ಹಿಂದಕ್ಕೆಳೆದುಕೊಂಡಳು. “ತಗೋಬೇ, ನಮ್ಮ ಮಮ್ಮಿ ಮಾಡಿದ್ದು.” ಆಮೇಲೆ ದನಿ ತಗ್ಗಿಸಿ, “ನಾ ನಿನ್ನ ಬೂಟು ಮೂಸಿದ್ದು ಅಂಜನಾ ಹೇಳಿದ್ದಕ್ಕ. ನನಗೇನು ಮಾಡಬ್ಯಾಡ. ನಮ್ಮ ಮನ್ಯಾಗ ನಾ ಒಬ್ಬಾಕಿನ ಅದೀನಿ” ಎಂದಳು. ಅವಳ ತುಟಿ ನಡುಗುತ್ತಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಈ ಸ್ಕೂಲಿನಲ್ಲಿ ಒಬ್ಬರು ಅವಳಿಗೆ ತಿನ್ನಲು ಕೊಡುತ್ತಿದ್ದರು. ಗಾದೆಮ್ಮ ಒಂದು ಹಿಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ರುಚಿಯಾಗಿತ್ತು, ಅದೇ ಅವಳಿಗೆ ಅಸಹ್ಯವಾಯಿತು. ಮಿಲ್ಲಿನ ಹಮಾಲಿಗಳೂ ಅವಳ ಕಾಲನ್ನು ಹೀಗೇ ನೋಡುತ್ತಿದ್ದರು, ಆದರೆ ಅವರು ನಡುಗುತ್ತಿರಲಿಲ್ಲ. ಇನ್ನು ಮೇಲೆ ಯಾರ ಸೊಂಟವನ್ನೂ ಬಿಡಿಸಲಾರೆ, ಹಿಡಿಸಬಲ್ಲೆ ಅಷ್ಟೇ. ಶಕ್ತಿ ತಿರುಗಿಬಿಟ್ಟಿದೆ. ಇದನ್ನು ಯಾರಿಗೆ ಹೇಳುವುದು? ಅಜ್ಜಿ ಹತ್ತಿರ ಇದ್ದಿದ್ದರೆ ಏನಾದರೂ ಹರಕೆ, ಏನಾದರೂ ದಾರಿ ಹೇಳುತ್ತಿದ್ದಳು. ಅಂಜನಾ ಏಳದೇ ಹೋದರೆ? ಒಂದು ವರ್ಷ, ಎರಡು ವರ್ಷ, ಮದುವೆ ವಯಸ್ಸಿನವರೆಗೆ ಬೋರಲೇ ಮಲಗಿದ್ದರೆ?

ಅಷ್ಟರಲ್ಲಿ ಆಯಾ ಬಂದು, ನಿಮ್ಮವ್ವ ಬಂದಾಳ ಎಂದಳು. ಕಾವೇರಿ ಒಳ್ಳೆಯ ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡಿದ್ದಳು, ಮುಖ ಅರಳಿತ್ತು. “ಬಾಬೇ ಲಗೂನ. ಚನ್ನವೀರಮ್ಮಾರು ಫೋನ್ ಹಚ್ಚಿದ್ರು. ಮೊಮ್ಮಗಳಿಗೆ ಸೊಂಟ ಹಿಡದೈತಂತ, ತಮ್ಮೂರು ಕುರುಗೋಡಿನ ಮನಿಗೆ ಕರಕೊಂಡು ಹೋಗ್ಯಾರಂತ. ಆಕಿ ಅಪ್ಪ ಶಶಿಕಾಂತ್ ಅವ್ರು, ಅವ್ವ ಇಬ್ರೂ ಮದಿವಿಗೆ ಹೈದರಾಬಾದಿಗೆ ಹೋಗ್ಯಾರ. ಇಲ್ಲಿ ಡಾಕ್ಟರು ಎಕ್ಸರೇ ತಗೀಬೇಕು ಅಂದನಂತ, ಅದೆಲ್ಲಾ ಬ್ಯಾಡ, ನಿನ್ನ ಮಗಳ ಬರಬೇಕು ಅಂದ್ರು. ನಿನ್ನ ಹೆಸರು ಹಿಡದು ಕೇಳ್ಯಾರಬೇ!” ಗಾದೆಮ್ಮ ಗೇಟಿನ ಕಂಬಿ ಹಿಡಿದುಕೊಂಡಳು. “ನಾ ಒಲ್ಲೆ ಯವ್ವಾ.” ಕಾವೇರಿಗೆ ಕೇಳಿಸಿತೋ ಇಲ್ಲವೋ, ಕೈ ಹಿಡಿದು ನಡೆದೇಬಿಟ್ಟಳು.

ಕುರುಗೋಡಿನ ಬಸ್ಸಿನಲ್ಲಿ ಕಂಡಕ್ಟರು ಹೆಂಗಸರಿಗೆ ಪುಕ್ಕಟೆ ಕೊಡುವ ಸೊನ್ನೆ ಟಿಕೇಟು ಹರಿದು ಕೊಟ್ಟ. ಅವ್ವ ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು, ಎಂಥಾ ಮನೆಯವರು, ಕಾರು ಇರುವವರು, ನಮ್ಮಂಥವರನ್ನು ಕರೆಸುತ್ತಾರೆಂದರೆ ಹುಡುಗಾಟವಲ್ಲ ಎಂದು ಹೇಳುತ್ತಲೇ ಇದ್ದಳು. ಕಿಟಕಿಯ ಹೊರಗೆ ಮೆಣಸಿನಕಾಯಿಯ ಹೊಲ, ಗುಡ್ಡ, ಮತ್ತೆ ಹೊಲ. ಬಸ್ಸು ಕೆಡಲಿ ಎಂದು ಗಾದೆಮ್ಮ ಬೇಡಿಕೊಂಡಳು. ಟೈರು ಒಡೆಯಲಿ. ತನಗೆ ಈಗಿಂದೀಗಲೇ ಜ್ವರ ಬರಲಿ, ಕಾಲಿಗೆ ಏನಾದರೂ ಕಚ್ಚಲಿ. ಸಿಟ್ಟಿನಲ್ಲಿ ತುಳಿದ ಕಾಲು ಇನ್ನೊಂದು ಸಲ ಅದೇ ಬೆನ್ನಿನ ಮೇಲೆ ಬಿದ್ದರೆ ಅಂಜನಾ ಸತ್ತೇ ಹೋಗುತ್ತಾಳೆ. ಸಾಯುವುದು ಅಂದರೆ ಮೊದಲ ಬೆಂಚಿನ ಆ ಜಾಗ ದಿನಾ ಹಾಗೇ ಇರುವುದು, ಟೀಚರು ದಿನಾ ಆ ಹೆಸರಿಗೆ ಬಂದು ನಿಲ್ಲುವುದು. ಅವ್ವನಿಗೆ ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಳು. ಅವ್ವನ ಮುಖ ಅಷ್ಟು ಖುಷಿಯಾಗಿದ್ದದ್ದನ್ನು ಊರು ಬಿಟ್ಟಾಗಿನಿಂದ ಅವಳು ನೋಡಿರಲಿಲ್ಲ. ಹೀಗೆ ತೆರೆದು ಮುಚ್ಚಿ ತೆರೆದು ಮುಚ್ಚಿ ಕುರುಗೋಡು ಬಂದೇಬಿಟ್ಟಿತು.

ಚನ್ನವೀರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಬಾರ ನನ್ನ ತಾಯಿ. ಕಾವೇರಿ, ಹಿತ್ತಲಿಗೆ ಕರಕೊಂಡು ಹೋಗಿ ಕಾಲು ತೊಳಿಸಬೇ. ಕೂಸು ಬೆಳಿಗ್ಗಿಂದ ನೀರು ಸೈತ ಕುಡದಿಲ್ಲ” ಎಂದಳು. ಹಿತ್ತಲಿನ ನೀರಿನ ತೊಟ್ಟಿಯ ಪಕ್ಕ ಗಾದೆಮ್ಮ ಬೂಟು ಬಿಚ್ಚದೆ ಕುಕ್ಕರಿಸಿದಳು. ಅವ್ವ ಲೇಸಿಗೆ ಕೈ ಹಾಕಿದಾಗ ಆ ಕೈಯನ್ನು ತಳ್ಳಿದಳು. “ಯವ್ವಾ, ನಾ ತುಳದ್ರ ಆಕಿ ಸಾಯ್ತಾಳ. ಆಕಿನ್ನ ಕೆಡಿಸಿದ್ದು ನಾನ. ಗುರುವಾರ ಸಿಟ್ಟಿಲೆ ತುಳದೀನಿ. ಬೆಂಚಿನ ಮ್ಯಾಲಿಂದ ಹಾರಿ ತುಳದೀನಿ. ಅಜ್ಜಿ ಹೇಳಿದ್ದು ಮೀರೀನಿ, ಶಕ್ತಿ ತಿರುಗೇತಿ. ಊರಿಗೆ ಕರಕೊಂಡು ಹೋಗು ನನ್ನ.” ಕಾವೇರಿಯ ಮುಖದಿಂದ ಆ ಅರಳಿದ್ದೆಲ್ಲ ಇಳಿದುಹೋಯಿತು. ಒಮ್ಮೆ ಮನೆಯ ಕಡೆ ನೋಡಿದಳು, ಒಮ್ಮೆ ಮಗಳ ಕಡೆ. ಆಮೇಲೆ ಅವಳೂ ಕುಕ್ಕರಿಸಿ, ಮಗಳ ಎರಡೂ ಕೈ ಹಿಡಿದು, ಪಿಸುಗುಟ್ಟಿದಳು.

“ಕೇಳಿಲ್ಲಿ, ಹುಚ್ಚಿ. ನೀ ಕಾಲು ಮುಂದಾಗಿ ಹುಟ್ಟಿಲ್ಲ. ಎಲ್ಲಾ ಕೂಸಿನಂಗ ತಲಿ ಮುಂದಾಗೇ ಬಂದೀದಿ. ಸಿರುಗುಪ್ಪ ಆಸ್ಪತ್ರಿಗೆ ಹೋಗೋ ದಾರ್ಯಾಗ ಟಂಟಂ ಆಟೋದಾಗ ಹುಟ್ಟೀದಿ, ನಿಮ್ಮಜ್ಜಿ ಬಿಟ್ರ ಯಾರೂ ನೋಡಿಲ್ಲ. ಮೂರನೇದೂ ಹೆಣ್ಣು ಅಂತ ನಿಮ್ಮಪ್ಪ ಮುಖ ನೋಡಾಕ ಬರಲಿಲ್ಲ. ಆವಾಗ ನಿಮ್ಮಜ್ಜಿನ ಓಣಿ ತುಂಬ ಸಾರಿದ್ಲು, ಕಾಲು ಮುಂದಾಗಿ ಬಂದೈತಿ, ಶಕ್ತಿ ಐತಿ ಅಂತ. ಮೂರ ದಿನಕ್ಕ ಓಡಿ ಬಂದ ನಿಮ್ಮಪ್ಪ. ತಿಳೀತಾ? ನಿನ್ನ ಕಾಲಾಗ ಏನೂ ಇಲ್ಲ. ಏನೂ ಇಲ್ಲಂದ ಮ್ಯಾಲೆ ಆಕಿಗೆ ನಿನ್ನಿಂದ ಏನಾದೀತು? ಮೆಟ್ಟಲ ಮ್ಯಾಲಿಂದನ ಬಿದ್ದಿರ್ತಾಳ. ಹೋಗು, ಹಗೂರಕ ತಾಗಿಸಿದಂಗ ಮಾಡಿ ಬಾ. ನಮ್ಮ ಮಾನ ಉಳೀಲಿ.”

ಅವ್ವ ಬೂಟು ಬಿಚ್ಚಿ, ಕಾಲುಚೀಲ ಎಳೆದು, ತಂಬಿಗೆಯಿಂದ ನೀರು ಸುರಿದಳು. ತಣ್ಣಗಿತ್ತು. ಗಾದೆಮ್ಮನಿಗೆ ಮೊದಲು ಆದದ್ದು ಖುಷಿ. ಅಬ್ಬಾ, ಶಕ್ತಿ ಇಲ್ಲ! ತಿರುಗುವುದಕ್ಕೂ ಇಲ್ಲ, ಯಾರೂ ಸಾಯುವುದಿಲ್ಲ. ತೊಳೆದ ಕಾಲಿನ ಬೆರಳುಗಳನ್ನು ಆಡಿಸಿ ನೋಡಿದಳು. ಎಲ್ಲರ ಕಾಲಿನ ಹಾಗೇ ಇದ್ದವು. ಹಾಗಾದರೆ ಅಕ್ಕಂದಿರು? ಅವರೂ ತಲೆ ಮುಂದಾಗಿ, ತಾನೂ ತಲೆ ಮುಂದಾಗಿ. ಮತ್ತೆ ಅವರು ಗದ್ದೆಯ ಕೆಸರಿನಲ್ಲಿ ಯಾಕೆ, ತಾನು ಟೈ ಕಟ್ಟಿಕೊಂಡು ಯಾಕೆ? ಹಾಗಾದರೆ ಹಮಾಲಿಗಳು? ಹೂವು ಎತ್ತಿದಂಗಾತು ಎಂದವರು ಸುಳ್ಳು ಹೇಳಿದರೇ? ಅವ್ವ ಸೆರಗಿನಿಂದ ಕಾಲು ಒರೆಸುತ್ತಿದ್ದಾಗ ಹಿಮ್ಮಡಿಯ ಹತ್ತಿರ ಒತ್ತಿದಳು, ಆಗ ಗುರುವಾರದ ಆ ಸಣ್ಣ ಸರಿದಾಟ ಹಿಮ್ಮಡಿಗೆ ಮತ್ತೆ ತಾಗಿತು. ಶಕ್ತಿ ಇಲ್ಲದಿದ್ದರೆ ಅದೇನು ಸರಿದದ್ದು? ಬೆಂಚಿನ ಎತ್ತರ ಇತ್ತು. ಅವಳ ಭಾರ ಇತ್ತು. ಏಳಬ್ಯಾಡ ಎಂದದ್ದು ಅವಳೇ. ನಾಲ್ಕು ದಿನದಿಂದ ಅರ್ಧ ತಪ್ಪನ್ನು ಅಜ್ಜಿಯ ಕಟ್ಟಳೆಯ ಮೇಲೆ, ತಿರುಗಿದ ಶಕ್ತಿಯ ಮೇಲೆ ಹಾಕಿ ಹೇಗೋ ಉಸಿರಾಡುತ್ತಿದ್ದಳು. ಈಗ ಅಷ್ಟೂ ಅವಳದೇ. ಮಾಡಿದ್ದು ನಾನು, ನಾನೇ, ಬರೇ ನಾನು. ಅವಳಿಗೆ ಕೂಗಬೇಕೆನ್ನಿಸಿತು.

ಪಡಸಾಲೆಯಲ್ಲಿ ಚಾಪೆಯ ಮೇಲೆ ಅಂಜನಾ ಬೋರಲು ಮಲಗಿದ್ದಳು. ಕೆನ್ನೆ ದಿಂಬಿಗೆ ಒತ್ತಿತ್ತು, ಜಡೆ ಹಾಕಿರಲಿಲ್ಲ, ತುಟಿ ಒಡೆದಿತ್ತು. ಸ್ಕೂಲಿನ ಅಂಜನಾ ಇವಳೇನಾ ಎನ್ನುವಷ್ಟು ಸಣ್ಣಗೆ ಕಾಣುತ್ತಿದ್ದಳು. ಚನ್ನವೀರಮ್ಮ ಮೊಮ್ಮಗಳಿಗೆ ಹಾಲು ತರಲು ಒಳಗೆ ಹೋದಳು, ಕಾವೇರಿ ಬಾಗಿಲಲ್ಲಿ ನಿಂತಳು. ಅಂಜನಾ ಕಣ್ಣು ಮಾತ್ರ ಹೊರಳಿಸಿ, “ಬಂದ್ಯಾ” ಎಂದಳು. “ಅಜ್ಜಿಗೆ ನಾನ ಹೇಳಿ ಕರಿಸೀನಿ. ನೀ ಹಾಕಿದ್ದು ನೀನ ತಗೀಬೇಕು, ಡಾಕ್ಟರಿಗೆ ಅದು ಗೊತ್ತಾಗಂಗಿಲ್ಲ. ತುಳಿಯಲೇ. ಇನ್ನ ನಿನಗ ಗಾಡಿದ ಅನ್ನಂಗಿಲ್ಲ, ಅನ್ನಾಕ ಯಾರಿಗೂ ಬಿಡಂಗಿಲ್ಲ. ನನ್ನ ಮಗ್ಗಲಿಗೆ ಕುಂದರಸ್ಕೊತೀನಿ. ದೇವ್ರಾಣಿ.” ಆಮೇಲೆ ಇನ್ನೂ ಮೆಲ್ಲಗೆ, “ಬಲಗಾಲು ನಂದು ಅನ್ನಂಗ ಇಲ್ಲ. ಚೂಟಿದ್ರ ಗೊತ್ತಾಗವಲ್ದು. ಅಜ್ಜಿಗೆ ಹೇಳಿಲ್ಲ, ಅಳ್ತಾಳ” ಎಂದಳು.

ಗಾದೆಮ್ಮ ಬಗ್ಗಿ ಆ ಕಾಲಿನ ಹೆಬ್ಬೆರಳನ್ನು ಉಗುರಿನಿಂದ ಚೂಟಿದಳು. ಅಂಜನಾ ಅವಳ ಮುಖವನ್ನೇ ನೋಡುತ್ತ, “ಚೂಟು” ಎಂದಳು. ಚೂಟಿದ್ದಾಗಿತ್ತು. ಗಾದೆಮ್ಮ ಇನ್ನೂ ಜೋರಾಗಿ ಚೂಟಿದಳು, ಬೆರಳಿನ ಮೇಲೆ ಉಗುರಿನ ಕೆಂಪು ಮೂಡಿತು. “ಹೂಂ, ಚೂಟು ಮತ್ತ” ಎಂದಳು ಅಂಜನಾ. ಚನ್ನವೀರಮ್ಮ ಹಾಲಿನ ಲೋಟ ಹಿಡಿದು ಬಂದು, “ತುಳಿ ತಾಯಿ, ಯಾಕ ನಿಂತಿ? ತಾಸಿನ್ಯಾಗ ಎದ್ದು ಓಡ್ಯಾಡ್ಲಿ” ಎಂದಳು. ಬಾಗಿಲಿನಲ್ಲಿ ಅವ್ವ ಕಣ್ಣಿನಲ್ಲೇ ಬೇಡುತ್ತಿದ್ದಳು, ಹಗೂರಕ, ಹಗೂರಕ. ಎಲ್ಲರಿಗೂ ಬೇಕಾಗಿದ್ದದ್ದು ಒಂದೇ. ಮೂರು ಸಲ ತಾಗಿಸಿ ಬಿಟ್ಟರೆ ಮುಗಿಯಿತು. ನಾಳೆ ಮೊದಲ ಬೆಂಚು. ಅವಳು ಜೀವಮಾನದಲ್ಲಿ ಇಷ್ಟು ಆಸೆಪಟ್ಟದ್ದು ಬೇರೆ ಯಾವುದೂ ಇರಲಿಲ್ಲ.

“ಅಮ್ಮಾರ, ನನ್ನ ಕಾಲಾಗ ಏನಿಲ್ರಿ,” ಎಂದಳು ಗಾದೆಮ್ಮ. ದನಿ ಬೇಕಾದದ್ದಕ್ಕಿಂತ ಜೋರಾಗಿ ಹೊರಟಿತು. “ನಾ ಎಲ್ಲಾರಂಗ ಹುಟ್ಟೀನಿ. ಈಕಿ ಮೆಟ್ಟಲ ಮ್ಯಾಲಿಂದ ಬಿದ್ದಿಲ್ರಿ. ಬೆಂಚಿನ ಮ್ಯಾಲಿಂದ ಹಾರಿ ನಾನ ತುಳದೀನಿ. ಈಕಿ ಏಳಬಾರದು ಅಂತ ತುಳದೀನಿ. ಈಕಿ ಕಾಲು ಸತ್ತೈತ್ರಿ, ಚೂಟಿದ್ರ ಗೊತ್ತಾಗವಲ್ದು. ಆಸ್ಪತ್ರಿಗೆ ಕರಕೊಂಡು ಹೋಗ್ರಿ, ಯಾರೂ ತುಳೀಬ್ಯಾಡ್ರಿ, ಕರಕೊಂಡು ಹೋಗ್ರಿ.”

ಲೋಟ ಬಿತ್ತು. ಚನ್ನವೀರಮ್ಮ ಮೊಮ್ಮಗಳ ಕಾಲನ್ನು ತಾನೇ ಚೂಟಿ ನೋಡಿ, ಇನ್ನೊಮ್ಮೆ ಚೂಟಿ, ಎದೆ ಬಡಿದುಕೊಂಡು ಬೀದಿಗೆ ಓಡಿದಳು, “ರಂಗಣ್ಣಾ, ಕಾರು ತಗೀಯೋ ರಂಗಣ್ಣಾ” ಎಂದು ನೆರೆಯವನನ್ನು ಕೂಗುತ್ತ. ಕಾವೇರಿ ಬಂದು ಮಗಳ ಕೆನ್ನೆಗೆ ಹೊಡೆದಳು, ಹೊಡೆದ ಕೈಯನ್ನೇ ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದಳು. ಗಾದೆಮ್ಮನಿಗೆ ನೋಯಲಿಲ್ಲ. ಅಂಜನಾ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಕೈ ಚಾಚಿ ಗಾದೆಮ್ಮನ ಕಣಕಾಲನ್ನು ಹಿಡಿದುಕೊಂಡು ತನ್ನ ಬೆನ್ನಿನ ಕಡೆ ಎಳೆಯತೊಡಗಿದಳು. “ಸುಳ್ಳು. ಐತಿ. ನಿನ್ನ ಕಾಲಾಗ ಐತಿ, ನನಗ ಗೊತ್ತೈತಿ. ನನ್ನ ಮ್ಯಾಲಿನ ಸಿಟ್ಟಿಗೆ ಇಲ್ಲ ಅಂತೀದಿ. ತುಳಿಯಲೇ, ಕಾಲಿಗೆ ಬೀಳ್ತೀನಿ, ತುಳಿ.”

ರಂಗಣ್ಣ ಮತ್ತು ಓಣಿಯವರು ಹಲಗೆ ತಂದು ಅಂಜನಾಳನ್ನು ಅಲುಗಿಸದೆ ಎತ್ತಲು ಬಗ್ಗಿದಾಗಲೂ ಅವಳು ಹಿಡಿದ ಕಾಲನ್ನು ಬಿಡಲಿಲ್ಲ. ಚನ್ನವೀರಮ್ಮ ಅಳುತ್ತ ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಗಾದೆಮ್ಮ ಕಾಲನ್ನು ಎಳೆದುಕೊಳ್ಳಲಿಲ್ಲ.